ಸೈನ್ಸ್ ಫಿಕ್ಷನ್ ಶೂಟರ್: ನೋಡ್ಲಾಕ ಛಂದ ಅದ, ಆಡ್ಲಾಕ ಯಾಕ ಸಪ್ಪಗ?

ಪ್ರಶ್ನೆ, ಬೀದರ್
ಸರ್, ನಮಸ್ಕಾರ. ನಾವು ಮೂವರು ಗೆಳೆಯರು ಯೂನಿಟಿ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರಿನೊಳಗ ಒಂದು ಫಸ್ಟ್ ಪರ್ಸನ್ ಶೂಟರ್ (ಆಡುವವನ ಕಣ್ಣಿಂದಲೇ ನೋಡಿ ಗುಂಡು ಹಾರಿಸೋ ಆಟ) ಮಾಡ್ಲಾಕತ್ತೀವಿ. ಮುನ್ನೂರು ವರ್ಷ ಮುಂದಿನ ಬೀದರ್. ನೌಬಾದ್ ಕರೇಜಿನ (ನೆಲದಡಿಯ ಹಳೇ ನೀರಿನ ಕಾಲುವಿ) ಸುರಂಗದಾಗ ನೀರು ಕಾಯೋ ಯಂತ್ರಗಳು ಮನುಷ್ಯರನ್ನ ಒಳಗ ಬಿಡಂಗಿಲ್ಲ. ನೋಡಿದವ್ರು ಛಂದ ಅದ ಅಂತಾರ, ಆಡಿದವ್ರು ಐದು ನಿಮಿಷಕ್ಕ ಎದ್ದು ಹೋಗ್ತಾರ. ಬಂದೂಕು ಹೋಳಿ ಪಿಚಕಾರಿ ಇದ್ದಂಗ ಅದ ಅಂತ ಒಬ್ಬ ಅಂದ. ಗ್ರಾಫಿಕ್ಸ್ ಇನ್ನೂ ಹೆಚ್ಚು ಮಾಡ್ಬೇಕೇನ್ರಿ?

ಉತ್ತರ, ಗೇಮ್‌ಪ್ಲೇ ಪ್ರೋಗ್ರಾಮರ್
ಗ್ರಾಫಿಕ್ಸ್ ಸದ್ಯ ಮುಟ್ಟಬ್ಯಾಡ್ರಿ. ಪಿಚಕಾರಿ ಅಂದವನೇ ನಿಮ್ಮ ಚಲೋ ಟೆಸ್ಟರ್, ಅವನ್ನ ಬಿಡಬ್ಯಾಡ್ರಿ. ಗುಂಡಿ ಒತ್ತಿದ ಕ್ಷಣಕ್ಕೇ ಲೋಕ ಉತ್ತರ ಕೊಡಬೇಕು. ಸೆಕೆಂಡಿಗೆ 60 ಫ್ರೇಮ್, ಅಂದ್ರ ಪರದೆ ಮ್ಯಾಲ 60 ಚಿತ್ರ, ಓಡಿದ್ರ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಬಾಯಿಬೆಂಕಿ (ನಳಿಗಿ ಬಾಯಾಗಿನ ಮಿಂಚು), ಸದ್ದು, ಹಿನ್ನೂಕು (ಬಂದೂಕು ಹಿಂದಕ್ಕ ಒದೆಯೋದು) ಮೂರೂ ಒಂದೇ ಫ್ರೇಮಿನಲ್ಲಿ ಶುರುವಾಗಬೇಕು.

ಮೊದಲು ಸದ್ದಿನ ಫೈಲ್ ತೆಗೆದು ನೋಡ್ರಿ. ಡೌನ್‌ಲೋಡ್ ಮಾಡಿದ ಫೈಲಿನ ಆರಂಭದಾಗ 30–40 ಮಿಲಿಸೆಕೆಂಡ್ ಖಾಲಿ ಇರೋದು ಭಾಳ ಸಾಮಾನ್ಯ; ಅಷ್ಟಾದ್ರ ಎರಡು ಫ್ರೇಮ್ ತಡ ಆದಂಗ. ಅದನ್ನ ಕತ್ತರಿಸ್ರಿ. ಸದ್ದು ತಡ ಆಗದಂಗ ಯೂನಿಟಿಯಾಗ ಲೋಡ್ ಟೈಪ್ 'ಡಿಕಂಪ್ರೆಸ್ ಆನ್ ಲೋಡ್', ಆಡಿಯೋ ಸೆಟ್ಟಿಂಗಿನಾಗ ಡಿಎಸ್‌ಪಿ ಬಫರ್ 'ಬೆಸ್ಟ್ ಲೇಟೆನ್ಸಿ' ಇಡ್ರಿ. ಒಂದೇ ಸದ್ದು ಸಾಲದು, ಮೂರು ಪದರ ಬೇಕು: ಯಂತ್ರ ಕಚ್ಚುವ 'ಟಕ್', ನಡುವಿನ ಗಟ್ಟಿ ಹೊಡೆತ, ಕೊನೆಗೆ ಜಾಗದ ಮರುದನಿ. ಈ ಮೂರನೆಯದು ಸುರಂಗದಾಗ ಉದ್ದ, ಬಯಲಿನಾಗ ಬೇರೆ. ಪ್ರತಿ ಸಲ ಪಿಚ್ (ಸ್ವರದ ಎತ್ತರ) ಶೇಕಡಾ 5ರಷ್ಟು ಮ್ಯಾಲ ಕೆಳಗ ಆಗ್ಲಿ, ಇಲ್ಲಾಂದ್ರ ಹೊಲಿಗಿ ಮಷೀನ್ ಕೇಳಿದಂಗ ಆಗ್ತದ.

ಹಿನ್ನೂಕು: ಕ್ಯಾಮೆರಾ ಒಂದೇ ಫ್ರೇಮಿನಾಗ 1ರಿಂದ 1.5 ಡಿಗ್ರಿ ಮ್ಯಾಲ, 150–200 ಮಿಲಿಸೆಕೆಂಡಿನಾಗ ವಾಪಸ್. ಬಂದೂಕಿನ ಮಾಡೆಲ್ 4–6 ಸೆಂಟಿಮೀಟರ್ ಹಿಂದಕ್ಕ. ಬಾಯಿಬೆಂಕಿ ಎರಡು ಫ್ರೇಮಿಗಿಂತ ಹೆಚ್ಚು ಇಡಬ್ಯಾಡ್ರಿ, ಗುರಿಯೇ ಮುಚ್ಚಿಹೋಗ್ತದ. ತಾಗಿದ್ದಕ್ಕ ಬ್ಯಾರೆ ಸದ್ದು, ಕಿಡಿ, ಯಂತ್ರ 0.2 ಸೆಕೆಂಡ್ ತತ್ತರಿಸೋದು. ತಾಗಿದ್ದು ಗೊತ್ತಾಗದ ಬಂದೂಕೇ ಪಿಚಕಾರಿ.

ಇನ್ನ ಮೌಸ್. 'ಮೌಸ್ ಎಕ್ಸ್' ಬೆಲೆಯನ್ನ ಡೆಲ್ಟಾ ಟೈಮಿನಿಂದ (ಒಂದು ಫ್ರೇಮಿಗೆ ಹಿಡಿದ ಸಮಯ) ಗುಣಿಸಿದ್ದೀರೇನು? ಮೌಸ್ ಎಕ್ಸ್ ಮೊದಲೇ ಒಂದು ಫ್ರೇಮಿನಾಗ ಮೌಸ್ ಸರಿದ ಅಳತೆ. ಮತ್ತ ಗುಣಿಸಿದ್ರ ಫ್ರೇಮ್ ಕುಸಿದಾಗೆಲ್ಲ ನೋಟ ಜೋರಾಗಿ ತಿರುಗ್ತದ, ಗುರಿ ತಪ್ಪಿದವ ತನ್ನ ಕೈಯನ್ನೇ ಬೈಕೋತಾನ. ಕ್ಯಾಮೆರಾ ತಿರುಗಿಸೋ ಕೋಡ್ ಫಿಕ್ಸ್ಡ್ ಅಪ್‌ಡೇಟಿನಾಗೂ ಇರಬಾರದು: ಅದು ಸೆಕೆಂಡಿಗೆ 50 ಸಲ ಓಡ್ತದ, ಪರದೆ 60 ಸಲ ಬದಲಾಗ್ತದ, ನಡುವ ನಡುಗು ಕಾಣ್ತದ.

ಪ್ರಶ್ನೆ, ಬೀದರ್
ಗುಣಿಸಿದ್ದು ಖರೇ ರಿ. ಇನ್ನೊಂದು, ಫೀಲ್ಡ್ ಆಫ್ ವ್ಯೂ (ಕ್ಯಾಮೆರಾಗ ಎಷ್ಟು ಅಗಲ ಕಾಣಬೇಕು ಅನ್ನೋ ಕೋನ) 90 ಇಟ್ಟೀವಿ, ಎಲ್ಲಾ ಕಡೆ ಅದೇ ಹೇಳ್ತಾರ. ಆದ್ರ ಸುರಂಗ ಎಳೆದು ಉದ್ದ ಮಾಡಿದಂಗ ಕಾಣ್ತದ, ಇಬ್ಬರಿಗೆ ತಲಿ ತಿರುಗ್ತು.

ಉತ್ತರ, ಗೇಮ್‌ಪ್ಲೇ ಪ್ರೋಗ್ರಾಮರ್
ಎಲ್ಲರೂ ಹೇಳೋ 90 ಅಡ್ಡಳತೆ. ಯೂನಿಟಿಯದು ಉದ್ದಳತೆ, ಅಂದ್ರ ಮೇಲಿಂದ ಕೆಳಗ. 16:9 ಪರದೆ ಮ್ಯಾಲ ಅಲ್ಲಿ 90 ಇಟ್ರ ಅಡ್ಡಕ್ಕ 121 ಡಿಗ್ರಿ ಆಗ್ತದ. 59–60 ಇಡ್ರಿ, ಅಡ್ಡಕ್ಕ 90 ಸಿಗ್ತದ. ಸೆಟ್ಟಿಂಗಿನಾಗ ಆಡುವವರಿಗೇ ಬದಲಿಸ್ಲಾಕ ಬಿಡ್ರಿ, ನಡೆಯೋವಾಗ ಕ್ಯಾಮೆರಾದ ತಲಿ ತೂಗಾಟ ಬಂದ್ ಮಾಡೋ ಗುಂಡಿನೂ ಕೊಡ್ರಿ.

ಪ್ರಶ್ನೆ, ಯಾದಗಿರಿ
ನಡುವ ಬಾಯಿ ಹಾಕ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ. ನಮ್ಮದು ಚಂದ್ರನ ಮ್ಯಾಲಿನ ಲೆವೆಲ್. ನಿಜ ಇರ್ಲಿ ಅಂತ ಗುರುತ್ವ 1.62 ಹಾಕಿದ್ವಿ. ಆಡ್ಲಾಕ ಆಗವಲ್ದು.

ಉತ್ತರ, ಗೇಮ್‌ಪ್ಲೇ ಪ್ರೋಗ್ರಾಮರ್
ಲೆಕ್ಕ ಹಾಕಿ ನೋಡ್ರಿ. ಭೂಮಿ ಮ್ಯಾಲ ಒಂದು ಮೀಟರ್ ಜಿಗೀಲಿಕ್ಕ ಸೆಕೆಂಡಿಗೆ 4.43 ಮೀಟರ್ ವೇಗ ಸಾಕು, ಗಾಳಿಯಾಗ 0.9 ಸೆಕೆಂಡ್. ಅದೇ ವೇಗ ಚಂದ್ರನಾಗ 6 ಮೀಟರ್ ಎತ್ತರ, 5.5 ಸೆಕೆಂಡ್. ಅಷ್ಟು ಹೊತ್ತು ಆಡುವವ ದಾರಿ ಬದಲಿಸ್ಲಾಕಾಗದ ಗುರಿಬೊಂಬಿ. ಭೂಮಿ ಮ್ಯಾಲಿನ ಆಟದಾಗೂ ಭೂಮಿಯ ನಿಜ ಗುರುತ್ವ 9.81 ತೇಲಿದಂಗ ಅನಿಸ್ತದ. 20 ಹಾಕಿ ವೇಗ 6.3 ಮಾಡಿದ್ರ ಅದೇ ಒಂದು ಮೀಟರ್, ಆದ್ರ 0.63 ಸೆಕೆಂಡಿಗೆ ಕಾಲು ನೆಲಕ್ಕ. ನಿಮಗ ಗುರುತ್ವ 6, ವೇಗ 4.9 ಇಡ್ರಿ: ಎತ್ತರ 2 ಮೀಟರ್, 1.6 ಸೆಕೆಂಡ್. ಜತಿಗೆ ಕೆಳಕ್ಕ ತಳ್ಳೋ ಒಂದು ಥ್ರಸ್ಟರ್ ಗುಂಡಿ.

ಚಂದ್ರ ಅನಿಸೋದು ಸದ್ದಿನಿಂದ. ಅಲ್ಲಿ ಗಾಳಿ ಇಲ್ಲ, ಹೊರಗಿನ ಸ್ಫೋಟ ಕೇಳಬಾರದು. ಉಸಿರು, ರೇಡಿಯೋ, ಕೈ ಮುಖಾಂತರ ಸೂಟಿನೊಳಗ ಬರೋ ಬಂದೂಕಿನ ಮಂದ ಗುದ್ದು, ಇಷ್ಟೇ. ಎದ್ದ ಧೂಳು ಮೋಡ ಆಗಿ ತೇಲಬಾರದು, ಎಸೆದ ಕಲ್ಲಿನಂಗ ಬಾಗಿ ಬೀಳಬೇಕು.

ಪ್ರಶ್ನೆ, ಬೀದರ್
ನಮ್ಮ ಯಂತ್ರಗಳು ದಡ್ಡ ಅಂತಾರ ಸರ್. ಪಾತ್‌ಫೈಂಡಿಂಗ್ (ಯಂತ್ರ ತಾನೇ ದಾರಿ ಹುಡುಕೋದು) ಎಲ್ಲಾ ಸರಿ ಅದ. ಆದ್ರೂ ನಾಲ್ಕು ಬಂದ್ರ ಆಡುವವ ಸಾಯ್ತಾನ, ಒಂದು ಬಂದ್ರ ಬೇಸರ.

ಉತ್ತರ, ಲೆವೆಲ್ ಡಿಸೈನರ್
ಶತ್ರು ಜಾಣನೋ ದಡ್ಡನೋ ಅಂತ ಆಡುವವರು ನಿರ್ಧರಿಸುವುದು ಕಂಡದ್ದು, ಕೇಳಿದ್ದರಿಂದ. 2005ರ 'ಫಿಯರ್' ಆಟದ ಸೈನಿಕರು ಇಂದಿಗೂ ಜಾಣರು ಅನಿಸಿಕೊಳ್ಳಲು ಒಂದು ಕಾರಣ ಅವರು ಮಾಡುವುದನ್ನು ಕೂಗಿ ಹೇಳುತ್ತಾರೆ. 2001ರ ಮೊದಲ 'ಹೇಲೋ'ದಲ್ಲಿ ಶತ್ರುಗಳ ನಾಯಕ ಬಿದ್ದರೆ ಸಣ್ಣ ಶತ್ರುಗಳು ಕಿರುಚಿ ಓಡುತ್ತಾರೆ. ನಿಮ್ಮ ಯಂತ್ರಕ್ಕೆ ಮಾತು ಬೇಡ. ಕಂಡಾಗ ಒಂದು ಸ್ವರ, ಕಳೆದುಕೊಂಡಾಗ ಒಂದು, ಹೊಡೆಯುವ ಮೊದಲು ಏರುವ ಒಂದು ಸ್ವರ, ಜೊತೆಗೆ ಕಣ್ಣಿನ ಬಣ್ಣ. ಮನುಷ್ಯನ ಪ್ರತಿಕ್ರಿಯೆಗೆ ಸುಮಾರು 0.25 ಸೆಕೆಂಡ್ ಹಿಡಿಯುತ್ತದೆ. ಆದ್ದರಿಂದ ಹೊಡೆತದ ಮುನ್ಸೂಚನೆ ಅರ್ಧ ಸೆಕೆಂಡಿಗಿಂತ ಕಡಿಮೆ ಇದ್ದರೆ ಸತ್ತವನಿಗೆ ಅನ್ಯಾಯ ಅನಿಸುತ್ತದೆ.

ನಾಲ್ಕು ಬಂದರೆ ಸಾಯುವುದಕ್ಕೆ ಮದ್ದು ಟೋಕನ್. ಎರಡೇ ಟೋಕನ್ ಇಡಿ, ಟೋಕನ್ ಹಿಡಿದ ಯಂತ್ರವಷ್ಟೇ ಗುಂಡು ಹಾರಿಸಬೇಕು. ಉಳಿದವು ಜಾಗ ಬದಲಿಸಲಿ, ಹೆದರಿಸಲಿ. ಬೆನ್ನ ಹಿಂದಿರುವ ಯಂತ್ರಕ್ಕೆ ಟೋಕನ್ ಕೊಡಬೇಡಿ. ಹೊಸದಾಗಿ ಕಂಡ ಯಂತ್ರದ ಮೊದಲ ಗುಂಡು ಬೇಕೆಂದೇ ತಪ್ಪಲಿ, ಕಿವಿಯ ಪಕ್ಕದ ಗೋಡೆಗೆ ಬಡಿಯಲಿ; ಅದು ಎಚ್ಚರಿಕೆಯೂ ಹೌದು, ಎದೆ ಝಲ್ಲೆನಿಸುವುದೂ ಹೌದು.

ಆದರೆ ನಿಮ್ಮ ನಿಜವಾದ ತೊಡಕು ಸುರಂಗದ ಅಗಲ ಇರಬೇಕು. ಪ್ಲಾಸ್ಮಾ ಗುಂಡು ಸೆಕೆಂಡಿಗೆ 25 ಮೀಟರ್ ಹೋದರೆ 15 ಮೀಟರ್ ದೂರದಿಂದ 0.6 ಸೆಕೆಂಡಿನಲ್ಲಿ ಬರುತ್ತದೆ. ಪ್ರತಿಕ್ರಿಯೆಗೆ 0.25 ಕಳೆದರೆ ಉಳಿದದ್ದು 0.35. ಸೆಕೆಂಡಿಗೆ 5 ಮೀಟರ್ ಸರಿಯುವವನು ಅಷ್ಟರಲ್ಲಿ 1.75 ಮೀಟರ್ ಪಕ್ಕಕ್ಕೆ ಹೋಗಬಲ್ಲ. ಸುರಂಗವೇ ಎರಡು ಮೀಟರ್ ಇದ್ದರೆ ಎಲ್ಲಿಗೆ ಹೋಗಬೇಕು? ಅಂಥಲ್ಲಿ ಕಾಳಗ ಇಡಬೇಡಿ. ಅಲ್ಲಿ ಬರೀ ಸದ್ದು, ಕತ್ತಲೆ, ಕಾಲಡಿಯ ನೀರು ಸಾಕು. ಕಾಳಗ 12–15 ಮೀಟರ್ ಅಗಲದ ಬಾವಿಗಳಲ್ಲಿ ಆಗಲಿ, ಎರಡು ಅಂತಸ್ತು, ಕನಿಷ್ಠ ಮೂರು ದಾರಿ. ನಿಜವಾದ ಕರೇಜಿನಲ್ಲಿ ಮೇಲಿಂದ ಗಾಳಿ ಬೆಳಕು ಇಳಿಯುವ ಬಾವಿಬಾಯಿಗಳಿವೆಯಲ್ಲ, ಅದಕ್ಕಿಂತ ಒಳ್ಳೆಯ ದಾರಿಗುರುತು ಯಾವ ಬಾಣದ ಚಿಹ್ನೆಯೂ ಅಲ್ಲ. ಆಟದಲ್ಲಿ 25–30 ಮೀಟರಿಗೊಂದು ಬೆಳಕಿನ ಕಂಬ ಇಡಿ, ಐದಾರು ಸೆಕೆಂಡಿನ ನಡಿಗೆ. ಜನ ಬೆಳಕಿನತ್ತ ತಾವಾಗಿಯೇ ಹೋಗುತ್ತಾರೆ. ಯಾವಾಗಲಾದರೂ ಹೆದರಿಸಬೇಕಾದರೆ ಒಂದು ಕಂಬ ಆರಿಸಿ.

ಬೀದರ ಕೋಟೆಯ ಬಾಗಿಲುಗಳನ್ನೂ ಒಮ್ಮೆ ಡಿಸೈನರ್ ಕಣ್ಣಿನಿಂದ ನೋಡಿ ಬನ್ನಿ. ದಾರಿ ಬಾಗಿದೆ, ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಾಗಲಿ ಒಳಗಿರುವುದಾಗಲಿ ಕಾಣುವುದಿಲ್ಲ. ಅದೇ ತಿರುವು ಆಟದಲ್ಲಿ ಕುತೂಹಲವನ್ನೂ ಉಳಿಸುತ್ತದೆ, ಕಾಣದ ಕೋಣೆಯನ್ನು ಚಿತ್ರಿಸುವ ಕೆಲಸವನ್ನೂ ಉಳಿಸುತ್ತದೆ. ನಿಮ್ಮ ಬಾಗಿಲು ಮಾತ್ರ ನಿಜದ ಅಳತೆಗಿಂತ ದೊಡ್ಡದಿರಲಿ: 90 ಸೆಂಟಿಮೀಟರ್ ಬಾಗಿಲಲ್ಲಿ ಆಡುವವನ ಭುಜ ಸಿಕ್ಕಿಕೊಳ್ಳುತ್ತದೆ, 1.5 ಮೀಟರ್ ಇಡಿ.

ಇನ್ನೊಂದು ಸಲಹೆ, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಯಂತ್ರಗಳು ನೀರು ಕಾಯುತ್ತವೆ ಎಂದಿರಿ. ಹಾಗಾದರೆ ಕೊಳವೆಗೆ ಗುಂಡು ಹೊಡೆದು ನೀರು ಸೋರಿದರೆ ಅವು ನಿಮ್ಮನ್ನು ಬಿಟ್ಟು ಸೋರಿಕೆ ಮುಚ್ಚಲು ಓಡಬೇಕು. ಹೊಡೆದಂತೆ ನಿಮ್ಮ ಬಂದೂಕು ಬಿಸಿಯಾಗಲಿ: 12 ಗುಂಡಿಗೆ ಕೆಂಪಾಗಿ ನಿಲ್ಲಲಿ, ತಾನಾಗಿ ತಣಿಯಲು 3 ಸೆಕೆಂಡ್, ನೀರಲ್ಲಿ ನಿಂತರೆ 1. ಈಗ ಆಡುವವನು ಮೂಲೆಯಲ್ಲಿ ಅಡಗುವುದಿಲ್ಲ, ಯಂತ್ರಗಳಿರುವ ನೀರಿಗೇ ಇಳಿಯುತ್ತಾನೆ. 2020ರ 'ಡೂಮ್ ಎಟರ್ನಲ್' ಮದ್ದುಗುಂಡು, ಕವಚ, ಆರೋಗ್ಯ ಮೂರನ್ನೂ ಶತ್ರುವಿನಿಂದಲೇ ಪಡೆಯುವಂತೆ ಮಾಡಿ ಇದನ್ನೇ ಸಾಧಿಸಿತು. ಈ ನಿಯಮವನ್ನು ಪರದೆಯ ಮೇಲೆ ಬರೆದು ಹೇಳಬೇಡಿ. ಮೊದಲ ಕೋಣೆಯಲ್ಲಿ ಶತ್ರುವಿಲ್ಲದಾಗ ತೇವದ ಗೋಡೆಗೆ ಕಾದ ನಳಿಗೆ ತಾಗಿ 'ಚುಂಯ್' ಎನ್ನಲಿ.

ಪ್ರಶ್ನೆ, ಕಲಬುರಗಿ
ಪರದೆ ಮ್ಯಾಲಿನ ಅಂಕಿ, ಪಟ್ಟಿ ಎಲ್ಲಾ ತೆಗೆದ್ರ ಮೈಮರೀತಾರ ಅಂತಾರಲ್ರಿ, ಖರೇನು?

ಉತ್ತರ, ಲೆವೆಲ್ ಡಿಸೈನರ್
ಸಾಧ್ಯವಾದಷ್ಟು ತೆಗೆಯಿರಿ. 'ಹೇಲೋ'ದಲ್ಲಿ ಗುಂಡಿನ ಲೆಕ್ಕ ಬಂದೂಕಿನ ಬೆನ್ನ ಮೇಲೇ ಕಾಣುತ್ತದೆ. ನಿಮ್ಮ ಬಂದೂಕಿನ ಶಾಖ ನಳಿಗೆಯ ಬಣ್ಣದಲ್ಲೇ ತೋರಲಿ.

ಉತ್ತರ, ಗೇಮ್‌ಪ್ಲೇ ಪ್ರೋಗ್ರಾಮರ್
ನಾನು ಪೂರ್ತಿ ಒಪ್ಪಂಗಿಲ್ಲ. ಯಾವ ಕಡೆಯಿಂದ ಏಟು ಬಿತ್ತು, ಜೀವ ಎಷ್ಟು ಉಳೀತು, ಇವೆರಡು ಅರ್ಧ ಸೆಕೆಂಡಿನಾಗ ತಿಳೀಬೇಕು. ನಳಿಗಿ ಬಣ್ಣ ಬದಲಾದದ್ದು ಬಣ್ಣಗುರುಡು ಇದ್ದ ಕೆಲವ್ರಿಗೆ ಗೊತ್ತಾಗಂಗಿಲ್ಲ, ಜತಿಗೆ ಏರೋ ಸೀಟಿ ಸದ್ದು ಇಡ್ರಿ. ಗುರಿ ಚುಕ್ಕಿ ತೆಗೆದ್ರ ತಲಿ ತಿರುಗೋದೂ ಕೆಲವ್ರಿಗೆ ಹೆಚ್ಚಾಗ್ತದ.

ಉತ್ತರ, ಲೆವೆಲ್ ಡಿಸೈನರ್
ಬಣ್ಣದ ಮಾತು ಸರಿ, ಒಪ್ಪಿದೆ. ಅಂದಹಾಗೆ ಸುರಂಗದ ಗೋಡೆಗಳಲ್ಲಿ ಹಳೆಯ ಕನ್ನಡ, ಉರ್ದು, ಮರಾಠಿ ಫಲಕಗಳು ಅರ್ಧ ಅಳಿಸಿ ಉಳಿದಿರಲಿ, ಬೀದರ್ ಅನ್ನಲು ಅಷ್ಟು ಸಾಕು. ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಕನ್ನಡ ಟೈಪಿಸಿದರೆ ಒತ್ತಕ್ಷರ ಒಡೆಯುತ್ತವೆ, ಫಲಕವನ್ನು ಚಿತ್ರವಾಗಿ ಮಾಡಿ ಅಂಟಿಸಿ.

ಪ್ರಶ್ನೆ, ಕಲಬುರಗಿ
ಬ್ಯಾಸಗಿಯಾಗ ನಮ್ಮ ಲ್ಯಾಪ್‌ಟಾಪ್ ಹದಿನೈದು ನಿಮಿಷಕ್ಕ ತಡವರಿಸ್ತದ. ಆಟದ್ದು ತಪ್ಪೋ ಬಿಸಿಲಿಂದೋ?

ಉತ್ತರ, ಗೇಮ್‌ಪ್ಲೇ ಪ್ರೋಗ್ರಾಮರ್
ಎರಡೂ ಇರಬಹುದು, ಬ್ಯಾರೆ ಮಾಡಿ ನೋಡ್ರಿ. ಫ್ರೇಮ್ ಮಿತಿ 60ಕ್ಕ ಕಟ್ಟ್ರಿ. ಮಿತಿ ಇಲ್ಲದಿದ್ರ ಖಾಲಿ ಮೆನು ಪರದೆಯೊಳಗೂ ಜಿಪಿಯು (ಚಿತ್ರ ಬಿಡಿಸೋ ಚಿಪ್) ಪೂರ್ತಿ ಓಡಿ ಬಿಸಿ ಆಗ್ತದ. ಕಾದ ಚಿಪ್ ತಾನೇ ವೇಗ ಇಳಿಸ್ತದ. ಮೊದಲ ಎರಡು ನಿಮಿಷ ಮತ್ತ ಇಪ್ಪತ್ತನೇ ನಿಮಿಷ, ಒಂದೇ ಕೋಣಿಯಾಗ ನಿಂತು ಪ್ರೊಫೈಲರಿನಾಗ (ಯೂನಿಟಿಯ ಸಮಯ ಅಳೆಯೋ ಸಾಧನ) ಫ್ರೇಮ್ ಸಮಯ ಬರ್ಕೋರಿ. ಮೊದಲಿಗೇ 16.7 ದಾಟಿದ್ರ ಆಟದ್ದು, ಆಮ್ಯಾಲ ದಾಟಿದ್ರ ಬಿಸಿದ್ದು. ಆಟದ್ದಾಗಿದ್ರ ಮೊದಲ ಸಂಶಯ ನೆರಳು ಬೀಳಿಸೋ ಲೈಟುಗಳ ಮ್ಯಾಲ. ಬೆಳಕಿನ ಕಂಬಕ್ಕ ವಾಲ್ಯುಮೆಟ್ರಿಕ್ ಮಂಜು (ಬೆಳಕು ಹಾದುಹೋಗೋದನ್ನ ಆಟ ನಡೆದಾಗಲೇ ಲೆಕ್ಕ ಹಾಕೋ ಮಂಜು) ಬ್ಯಾಡ. ಲೈಟ್ ಬೇಕ್ ಮಾಡಿ (ಬೆಳಕನ್ನ ಮೊದಲೇ ಲೆಕ್ಕ ಹಾಕಿ ಗೋಡಿ ಮ್ಯಾಲ ಅಚ್ಚು ಹಾಕಿ), ಮಬ್ಬು ಬಿಳಿ ಪಾರದರ್ಶಕ ಹಾಳಿ ಎರಡು ಅಡ್ಡಡ್ಡ ನಿಲ್ಲಿಸಿದ್ರ ಕಣ್ಣಿಗೆ ಅದೇ ಕಾಣ್ತದ. ಟೆಸ್ಟ್ ಮಾಡೋವಾಗ ಚಾರ್ಜರ್ ಹಚ್ಚಿರ್ಲಿ. ಕರೆಂಟ್ ಹೋಗಿ ಬ್ಯಾಟರಿ ಮ್ಯಾಲ ಬಂದ್ರ ವೇಗ ಬ್ಯಾರೆ ಆಗ್ತದ, ಆ ಅಂಕಿ ಬಿಟ್ಟುಬಿಡ್ರಿ.