ಸಹಾಯ ಬೇಕು: ಕುಪ್ಪಳಿಸಿದ್ರೆ ಲೆಕ್ಕ ಬರುತ್ತೆ, ಸ್ಲೇಟ್ ಹಿಡಿದ್ರೆ ಹೋಗುತ್ತೆ

ಎಲ್ರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಲ್ಲಿ ನಲಿ-ಕಲಿ (ಸರ್ಕಾರಿ ಶಾಲೆಲಿ ಚಿಕ್ಕ ಮಕ್ಕಳಿಗೆ ಆಟ, ಚಟುವಟಿಕೆ ಮೂಲಕ ಕಲಿಸೋ ಪದ್ಧತಿ) ಟೀಚರ್, 1ರಿಂದ 3ನೇ ಕ್ಲಾಸ್ ಎಲ್ಲಾ ಒಂದೇ ರೂಮ್, 22 ಮಕ್ಕಳು, ಹತ್ತು ನಿಮಿಷ ಕೂತ್ರೆ ಹೆಚ್ಚು, ಒಬ್ಬ ನೀರು ಅಂತಾನೆ ಅವನ ಹಿಂದೆ ನಾಲ್ಕು ಜನ ಎದ್ದೋಗ್ತಾರೆ. ಅದಕ್ಕೆ ಜಗಲಿ ಮೇಲೆ ಚಾಕ್‌ಪೀಸಲ್ಲಿ 1ರಿಂದ 50ರವರೆಗೆ ಕುಂಟೆಬಿಲ್ಲೆ ಥರ ಮನೆ ಬರೆದು ಕುಪ್ಪಳಿಸ್ಕೊಂಡು ಕೂಡೋದು ಹೇಳ್ಕೊಟ್ಟೆ. ಮಕ್ಕಳು ಖುಷಿಯೋ ಖುಷಿ (ಪಕ್ಕದ ರೂಮ್ ಮೇಡಂಗೆ ಮಾತ್ರ ತಲೆನೋವು).

2ನೇ ಕ್ಲಾಸ್ ಹುಡುಗ ಒಬ್ಬ, 37ರ ಮೇಲೆ ನಿಲ್ಲಿಸಿ ಐದು ಮುಂದಕ್ಕೆ ಹೋಗೋ ಅಂದ್ರೆ ಕರೆಕ್ಟಾಗಿ 42ಕ್ಕೆ ಹೋಗಿ ನಿಲ್ತಾನೆ, ಒಳಗೆ ಬಂದು ಅದೇ ಲೆಕ್ಕ ಸ್ಲೇಟಲ್ಲಿ ಕೊಟ್ರೆ 37 ಬರೆಯೋ ಬದ್ಲು 73 ಬರೆದು ನನ್ ಮುಖ ನೋಡ್ತಾನೆ! ಹುಣಸೆಬೀಜ, ಹತ್ತತ್ತು ಕಡ್ಡಿ ಕಟ್ಟು ಎಲ್ಲಾ ಮಾಡ್ಸಿದೆ, ಸ್ವಲ್ಪ ಪರ್ವಾಗಿಲ್ಲ ಅಷ್ಟೇ.

ಮಕ್ಕಳಿಗೆ ದಿನಕ್ಕೆ 60 ನಿಮಿಷ ಓಡಾಟ ಬೇಕು ಅಂತ ಡಬ್ಲ್ಯುಎಚ್‌ಒನೇ ಹೇಳುತ್ತೆ, ಅದ್ರಲ್ಲಿ ನಂಗೆ ಡೌಟಿಲ್ಲ. ಡೌಟ್ ಏನಂದ್ರೆ ನೆಲದ ಮೇಲೆ ನಂಬರ್ ಬರೆದೇ ಇರುತ್ತಲ್ಲ, ಅವನು ಬರೀ ಹೆಜ್ಜೆ ಎಣಿಸ್ತಿದ್ದಾನಾ, ಹತ್ತು-ಬಿಡಿ ಅರ್ಥ ಆಗೇ ಇಲ್ವಾ ಅಂತ.

ನಲಿ-ಕಲಿ ಮಾಡೋರು ಹೇಳಿ ಪ್ಲೀಸ್, ಕುಪ್ಪಳಿಸೋದ್ರಿಂದ ಸ್ಲೇಟಿಗೆ ಬರೋ ಮಧ್ಯ ನೀವು ಏನ್ ಮಾಡಿಸ್ತೀರಾ?