ಕ್ಲಾಸ್ ಡಯಾಗ್ರಾಮಿನಲ್ಲಿ ಒಮ್ಮುಖ ಬಾಣ: ಯಾವ ಕಡೆಗೆ ಎಳೆಯಬೇಕು?

ಪ್ರಶ್ನೆ (ಹಾವೇರಿಯಿಂದ): ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರ್ ವ್ಯವಹಾರವನ್ನು ಎದುರಿಗಿಟ್ಟುಕೊಂಡು ಕಾಲೇಜಿನ ಪ್ರಾಜೆಕ್ಟಿಗಾಗಿ ಯುಎಂಎಲ್ (ಸಾಫ್ಟ್‌ವೇರಿನ ವಿನ್ಯಾಸವನ್ನು ಚಿತ್ರದಲ್ಲಿ ತೋರಿಸುವ ಪದ್ಧತಿ) ಪ್ರಕಾರ ಕ್ಲಾಸ್ ಚಿತ್ರ ಬರೆಯುತ್ತಿದ್ದೇನೆ. ಅದರಲ್ಲಿ ಒಂದೊಂದು ಬಗೆಯ ವಸ್ತು ಅಥವಾ ವ್ಯಕ್ತಿಗೆ ಒಂದೊಂದು ಕ್ಲಾಸ್. ಮಾಲು ದಲಾಲಿ ಅಂಗಡಿಗೆ ಬರುತ್ತದೆಯಾದ್ದರಿಂದ ಲಾಟ್‌ನಿಂದ (ಒಟ್ಟಿಗೆ ಮಾರಾಟಕ್ಕಿಡುವ ಚೀಲಗಳ ಗುಂಪು) ದಲಾಲಿಯ ಕಡೆಗೆ ಬಾಣ ಎಳೆದಿದ್ದೇನೆ. ಇದು ಸರಿಯೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ (ಹುಬ್ಬಳ್ಳಿಯಿಂದ): ಬಾಣ ಸರಿಯಾಗಿದೆ, ಕಾರಣ ಮಾತ್ರ ಸರಿಯಿಲ್ಲ. ಮಾಲು ಸಾಗುವ ದಾರಿಗೂ ಬಾಣದ ದಿಕ್ಕಿಗೂ ಸಂಬಂಧವಿಲ್ಲ. ಯಾರು ಯಾರನ್ನು ಬಲ್ಲರು ಎಂಬುದನ್ನಷ್ಟೇ ಅದು ಹೇಳುತ್ತದೆ. ಜಾವಾ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವಾಗ ಲಾಟ್ ಕ್ಲಾಸಿನೊಳಗೆ ದಲಾಲಿಯನ್ನು ಸೂಚಿಸುವ ಒಂದು ಫೀಲ್ಡ್ (ಮಾಹಿತಿ ಇಡುವ ಜಾಗ) ಇರುತ್ತದೆ, ದಲಾಲಿ ಕ್ಲಾಸಿನೊಳಗೆ ಲಾಟ್‌ಗಳ ಪಟ್ಟಿ ಇರುವುದಿಲ್ಲ. ಇರಲಿ ಬಿಡಿ ಎಂದು ಎರಡೂ ಕಡೆ ಇಟ್ಟುಕೊಂಡರೆ, ತಪ್ಪಾಗಿ ನಮೂದಾದ ಒಂದು ಲಾಟನ್ನು ಬೇರೆ ಅಂಗಡಿಗೆ ವರ್ಗಾಯಿಸುವಾಗ ಲಾಟಿನ ಫೀಲ್ಡ್, ಹಳೆಯ ಅಂಗಡಿಯ ಪಟ್ಟಿ, ಹೊಸ ಅಂಗಡಿಯ ಪಟ್ಟಿ ಈ ಮೂರನ್ನೂ ತಿದ್ದಬೇಕಾಗುತ್ತದೆ. ಒಂದು ತಪ್ಪಿದರೂ ಅದೇ ಚೀಲಗಳು ಎರಡು ಅಂಗಡಿಗಳ ಲೆಕ್ಕದಲ್ಲಿ ಕುಳಿತುಬಿಡುತ್ತವೆ. ಒಂದು ಅಂಗಡಿಗೆ ಇಂದು ಬಂದ ಲಾಟ್‌ಗಳು ಬೇಕೆಂದರೆ ಡೇಟಾಬೇಸಿನಲ್ಲಿ ಫಾರಿನ್ ಕೀ (ಲಾಟಿನ ದಾಖಲೆಯಲ್ಲಿರುವ ಅಂಗಡಿಯ ಗುರುತು) ಹಿಡಿದು ಹುಡುಕಿದರಾಯಿತು, ಅದಕ್ಕಾಗಿ ಇನ್ನೊಂದು ಬಾಣ ಬೇಕಾಗಿಲ್ಲ.

ಉತ್ತರ (ಧಾರವಾಡದಿಂದ): ಮೇಲಿನ ಮಾತನ್ನು ಒಪ್ಪುತ್ತೇನೆ. ಪಾಠ ಮಾಡುವವಳಾಗಿ ಒಂದು ಸೇರ್ಪಡೆ: ಬಾಣವಿಲ್ಲದ ತುದಿಯೆಂದರೆ ಆ ಕಡೆಗೆ ಹೋಗಲಾಗದು ಎಂದೇ ಅರ್ಥವಲ್ಲ. ಬಹಳಷ್ಟು ತಂಡಗಳು ರೂಢಿಯಿಂದ ಹಾಗೆ ಓದುತ್ತವೆ ನಿಜ, ಆದರೆ ಯುಎಂಎಲ್ 2ರ ಪ್ರಕಾರ ಅದನ್ನು ಖಚಿತವಾಗಿ ಹೇಳಬೇಕಾದರೆ ಆ ತುದಿಯಲ್ಲಿ ಸಣ್ಣದೊಂದು ಗುಣಾಕಾರದ ಗುರುತು (×) ಹಾಕಬೇಕು. ನಿಮ್ಮ ತಂಡ ಯಾವ ರೂಢಿಯನ್ನು ಅನುಸರಿಸುತ್ತದೆಂದು ಚಿತ್ರದ ಮೂಲೆಯಲ್ಲಿ ಒಂದು ಟಿಪ್ಪಣಿ ಬರೆದರೆ ಪರೀಕ್ಷಕರೊಡನೆ ವಾದ ತಪ್ಪುತ್ತದೆ. ಬಾಣ ಒಮ್ಮುಖವಾದರೂ ಎಷ್ಟಕ್ಕೆ ಎಷ್ಟು ಎಂಬ ಸಂಖ್ಯೆಗಳನ್ನು ಎರಡೂ ತುದಿಗಳಲ್ಲಿ ಬರೆಯಿರಿ: ದಲಾಲಿಯ ಬಳಿ 1, ಲಾಟಿನ ಬಳಿ ನಕ್ಷತ್ರ (*), ಅಂದರೆ ಎಷ್ಟು ಬೇಕಾದರೂ.

ಉತ್ತರ (ಗದಗದಿಂದ): ಗೆರೆಯನ್ನು ಅಖಂಡವಾಗಿಯೇ ಎಳೆಯಿರಿ, ತುಂಡು ಗೆರೆಯ ಬಾಣ ಕ್ಲಾಸ್ ಚಿತ್ರದಲ್ಲಿ ಡಿಪೆಂಡೆನ್ಸಿ (ಬರೀ ಅವಲಂಬನೆ) ಆಗಿಬಿಡುತ್ತದೆ. ಮುಂದೆ ಯೂಸ್ ಕೇಸ್ (ಬಳಕೆದಾರರು ಮಾಡುವ ಕೆಲಸಗಳ) ಚಿತ್ರ ಬರೆಯುವಾಗಲೂ ಬಾಣದ ದಿಕ್ಕಿನ ಇದೇ ಗೊಂದಲ ಕಾದಿರುತ್ತದೆ. ‘ಟೆಂಡರ್ ಹಾಕು’ ಎಂಬುದು ‘ಲೈಸೆನ್ಸ್ ಪರಿಶೀಲಿಸು’ ಎಂಬುದನ್ನು ಇನ್‌ಕ್ಲೂಡ್ ಮಾಡಿದರೆ (ತನ್ನ ಭಾಗವಾಗಿ ಸೇರಿಸಿಕೊಂಡರೆ) ಬಾಣ ಪರಿಶೀಲನೆಯ ಕಡೆಗೆ ಹೋಗುತ್ತದೆ. ಎಕ್ಸ್‌ಟೆಂಡ್‌ನಲ್ಲಿ, ಅಂದರೆ ಮೂಲ ಕೆಲಸಕ್ಕೆ ಕೆಲವೊಮ್ಮೆ ಮಾತ್ರ ಇನ್ನೊಂದು ಸೇರುವಾಗ, ಆ ಹೆಚ್ಚುವರಿ ಕೆಲಸದಿಂದಲೇ ಬಾಣ ಹೊರಡುತ್ತದೆ: ರೈತರು ಒಪ್ಪದಿದ್ದಾಗ ಮಾತ್ರ ನಡೆಯುವ ‘ದರ ನಿರಾಕರಿಸು’ ಎಂಬುದರಿಂದ ‘ದರ ಪ್ರಕಟಿಸು’ ಎಂಬ ಮೂಲ ಕೆಲಸದ ಕಡೆಗೆ.