ಪದಚರ್ಚೆ: ‘ಹೈಪೊಗ್ಲೈಸೀಮಿಯಾ’ಕ್ಕೆ ಗೋಡೆಯ ಮೇಲೆ ಬರೆಯುವಂಥ ಕನ್ನಡ ಬೇಕು (ತುರ್ತು)

ಚಿ., ಹಾಸನ:

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೆಯೊಂದರ ಬಿಪಿ-ಶುಗರ್ ವಿಭಾಗಕ್ಕೆ ಹೊಸ ಫ್ಲೆಕ್ಸ್ ಮಾಡಿಸುತ್ತಿದ್ದಾರೆ. ಕನ್ನಡ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಳೆ ಮಧ್ಯಾಹ್ನದೊಳಗೆ ಪ್ರಿಂಟಿಂಗ್‌ನವರಿಗೆ ಫೈಲು ಹೋಗಬೇಕು. ಖಾಲಿ ಹೊಟ್ಟೆಯಲ್ಲಿ 126, 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ 200, ಮೂರು ತಿಂಗಳ ಸರಾಸರಿ ಶುಗರ್ (HbA1c) ಶೇ. 6.5, ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಕಾಯಿಲೆ ಇದೆ ಎಂಬ ಭಾಗ ಮುಗಿಯಿತು. ಕಾಲು ನೋಡಿಕೊಳ್ಳುವುದು, ವರ್ಷಕ್ಕೊಮ್ಮೆ ಕಣ್ಣು ತೋರಿಸುವುದು, ಅದೂ ಆಯಿತು.

ಸಿಕ್ಕಿಕೊಂಡಿರುವುದು ‘ಹೈಪೊಗ್ಲೈಸೀಮಿಯಾ’ದಲ್ಲಿ. ಹಳೆಯ ಫ್ಲೆಕ್ಸಿನಲ್ಲಿ ‘ರಕ್ತದಲ್ಲಿ ಸಕ್ಕರೆ ಅಂಶ ಕಡಿಮೆಯಾದಾಗ’ ಎಂದು ದಪ್ಪಕ್ಷರದಲ್ಲಿದೆ. ಅಲ್ಲಿನ ಸಿಸ್ಟರ್ ಅದನ್ನು ತೋರಿಸಿ, ‘ಕಡಿಮೆ ಆಗ್ಲಿ ಅಂತ ತಾನೆ ಎಲ್ರೂ ಇಲ್ಲಿಗೆ ಬರೋದು? ಇದನ್ನ ಓದಿ ಖುಷಿ ಪಡ್ತಾರೆ’ ಅಂದರು. ಜ್ವರ ಕಡಿಮೆಯಾಯಿತು, ನೋವು ಕಡಿಮೆಯಾಯಿತು ಎನ್ನುವ ಜನಕ್ಕೆ ಇದು ಎಚ್ಚರಿಕೆಯ ಮಾತಾಗಿ ಕೇಳಿಸುವುದೇ ಇಲ್ಲ. ಒಂದು ಪದ ಕೊಡಿ.

ಎಸ್. ಎನ್., ಮೈಸೂರು:

ರಕ್ತಶರ್ಕರಾನ್ಯೂನತೆ. ಅಪಾರ್ಥಕ್ಕೆ ಎಡೆಯಿಲ್ಲದಂತೆ ಖಚಿತ. ‘ರಕ್ತಸಕ್ಕರೆ’ ಎಂದು ಮಾತ್ರ ಬರೆಯಬೇಡಿ, ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ.

ಪ್ರಸಂಗವಶಾತ್ ಒಂದು ಮಾತು. ‘ಮಧುಮೇಹ’ದ ಮೇಹ ‘ಮಿಹ ಸೇಚನೇ’ ಧಾತುವಿನದು, ಮೇಘವೂ ಅದೇ ಧಾತುವಿನದು. ಸುರಿಯುವುದೇ ಎರಡರ ಗುಣ. ಗ್ರೀಕರ ‘ಡಯಾಬಿಟಿಸ್’ ಕೂಡ ಹಾದು ಹರಿದುಹೋಗುವುದು ಎಂಬ ಅರ್ಥದ್ದೇ. ಆದರೆ ನಮ್ಮ ಆಯುರ್ವೇದದವರು ಅಷ್ಟಕ್ಕೇ ನಿಲ್ಲದೆ ಪ್ರಮೇಹದಲ್ಲಿ, ಅಂದರೆ ಮೂತ್ರದ ಕಾಯಿಲೆಗಳಲ್ಲಿ, ಕಫದ ಹತ್ತು, ಪಿತ್ತದ ಆರು, ವಾತದ ನಾಲ್ಕು ಎಂದು ಇಪ್ಪತ್ತು ಬಗೆ ವಿಂಗಡಿಸಿದರು. ಇಂಥ ಶಾಸ್ತ್ರಭಾಷೆ ಕೈಯಲ್ಲಿರುವಾಗ ಪದ ಎಲ್ಲಿ ಎಂದು ಅಲೆಯುವುದು ಏಕೆ?

ಕ., ಶಿವಮೊಗ್ಗ:

ನುಡಿಯಲು ನಾಲಗೆಯೇ ಹೊರಳದ ಪದ ಗೋಡೆಗೆ ಏಕೆ? ಸಕ್ಕದವನ್ನೇ (ಸಂಸ್ಕೃತವನ್ನೇ) ಬಿಟ್ಟರೆ ಅರಿಯೂ ಇಲ್ಲ, ಸಮಾಸವೂ ಇಲ್ಲ. ನೆತ್ತರು ಇದೆ, ಸಿಹಿ ಇದೆ, ಇಳಿತ ಇದೆ. ‘ಸಿಹಿಯಿಳಿತ’ ಎನ್ನಿ, ಮುಗಿಯಿತು. ಬೇನೆಯ ಹೆಸರನ್ನೂ ‘ಮದುಮೇಹ’ ಎಂದೇ ಬರೆಯಿರಿ. ಹಳ್ಳಿಯವರು ಉಲಿಯುವುದು ಹಾಗೆಯೇ, ದಕಾರದ ಹೊಟ್ಟೆ ಸೀಳುವ ಕೆಲಸವೂ ಉಳಿಯುತ್ತದೆ. ಅದೂ ಬೇಡವೆಂದರೆ ‘ಸಿಹಿಯುಚ್ಚೆ ಬೇನೆ’.

ಡಾ. ಪಾ., ಹುಬ್ಬಳ್ಳಿ:

‘ಸಿಹಿಯುಚ್ಚೆ’ ಬೇಡ. ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ದಾಟಿದ ಮೇಲಷ್ಟೇ ಮೂತ್ರಪಿಂಡ ಅದನ್ನು ಹೊರಗೆ ಬಿಡುವುದು. ಖಾಲಿ ಹೊಟ್ಟೆಯಲ್ಲಿ 140 ಇರುವವನಿಗೆ ಕಾಯಿಲೆ ಇದೆ, ಮೂತ್ರ ಸಿಹಿ ಇರಬೇಕೆಂದಿಲ್ಲ. ಇತ್ತ ಡಪಾಗ್ಲಿಫ್ಲೋಜಿನ್ ನುಂಗುವವನ ಶುಗರ್ ಹದ್ದುಬಸ್ತಿನಲ್ಲಿದ್ದರೂ ಮೂತ್ರ ಸಿಹಿ, ಏಕೆಂದರೆ ಗ್ಲೂಕೋಸನ್ನು ಆ ದಾರಿಯಲ್ಲಿ ಹೊರಗೆ ಕಳಿಸುವುದೇ ಆ ಮಾತ್ರೆಯ ಕೆಲಸ. ಈಗ ಯಾರ ಬೇನೆ ಜಾಸ್ತಿ ಅನ್ನುತ್ತೀರಿ?

‘ಇಳಿತ’ಕ್ಕೂ ‘ಕಡಿಮೆ’ಯದೇ ರೋಗ. ‘ಶುಗರ್ ಇಳದೈತ್ರೀ’ ಅಂತ ಹೇಳಿ ನೋಡಿ, ಪೇಶೆಂಟ್ ಹೋಗುತ್ತ ದಾರಿಯಲ್ಲಿ ಪೇಢಾ ತಗೊಂಡು ಹೋಗುತ್ತಾನೆ.

ಮೈಸೂರಿನವರ ಪದದ ಬಗ್ಗೆ ಏನೂ ಹೇಳುವುದಿಲ್ಲ, ಓದಿ ಮುಗಿಸುವಷ್ಟರಲ್ಲಿ ಪೇಶೆಂಟಿಗೆ ಎಚ್ಚರ ತಪ್ಪಿರುತ್ತದೆ.

ಯಾವುದಕ್ಕೆ ಪದ ಹುಡುಕುತ್ತಿದ್ದೇವೆ ಎಂಬುದು ತಿಳಿದಿರಲಿ. ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ನುಂಗಿ, ಸಂಕಷ್ಟಿ ಅಂತ ಊಟ ಬಿಟ್ಟ ಹೆಣ್ಣುಮಗಳು. ಹೊಟ್ಟೆಗೆ ಏನಾದರೂ ಬಿದ್ದಿದೆಯೋ ಇಲ್ಲವೋ ಆ ಮಾತ್ರೆ ನೋಡುವುದಿಲ್ಲ, ಮೇದೋಜೀರಕದಿಂದ ಇನ್ಸುಲಿನ್ ಹಿಂಡುತ್ತಲೇ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆವರು, ಕೈ ನಡುಕ, ಎದೆ ಡವಡವ. ಆಮೇಲೆ ಮಾತು ತೊದಲುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ. ಮನೆಯವರು ಲಕ್ವಾ ಹೊಡೆಯಿತೆಂದು ಎತ್ತಿಕೊಂಡು ಬರುತ್ತಾರೆ. ಬೆರಳು ಚುಚ್ಚಿ ನೋಡಿದರೆ 38. ಮೆದುಳು ಬದುಕುವುದು ಬಹುಮಟ್ಟಿಗೆ ಗ್ಲೂಕೋಸಿನ ಮೇಲೆಯೇ, ಅದಕ್ಕೇ ಈ ಅವಸ್ಥೆ. ಮೂತ್ರಪಿಂಡ ಸೋತವರಲ್ಲಿ ಇನ್ಸುಲಿನ್, ಮಾತ್ರೆ ಎರಡೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅಪಾಯ ಇನ್ನೂ ಜಾಸ್ತಿ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಗೋಳು ಅಪರೂಪ.

70ರ ಕೆಳಗೆ ಹೋದರೆ ಎಚ್ಚರ. ಒಮ್ಮೆ ಅನುಭವಿಸಿದವರು ಇದನ್ನು ಕರೆಯುವುದು ‘ಲೋ ಆತ್ರೀ’ ಅಂತ. ಪದ ಆಗಲೇ ಇದೆ.

ರ., ಬೆಂಗಳೂರು:

ಪತ್ರಿಕೆಯ ಡೆಸ್ಕಿನಿಂದ ಒಂದು ಸಲಹೆ: ‘ಕುಸಿತ’. ರೂಪಾಯಿ ಕುಸಿತ, ಬೆಲೆ ಕುಸಿತ, ಭೂಕುಸಿತ. ಕುಸಿದದ್ದನ್ನು ಕೇಳಿ ಯಾರೂ ಸಂತೋಷಪಡುವುದಿಲ್ಲ. ‘ಸಕ್ಕರೆ ಕುಸಿತ’ ಎಂದರೆ ಅನಾಹುತ ಎಂಬುದು ಪದದಲ್ಲೇ ಇದೆ.

ಎಸ್. ಎನ್., ಮೈಸೂರು:

ಸಮಾಸವಾದರೆ ‘ಸಕ್ಕರೆಗುಸಿತ’ ಆಗಬೇಕು. ಆದೇಶಸಂಧಿ ಈಗ ಪತ್ರಿಕೆಗಳಲ್ಲಿ ನಿಷಿದ್ಧವೆ?

ರ., ಬೆಂಗಳೂರು:

‘ಬೆಲೆಗುಸಿತ’ ಎಂದು ನಮ್ಮ ಡೆಸ್ಕಿನಲ್ಲಿ ಯಾರೂ ಬರೆದದ್ದು ನಾನು ಕಂಡಿಲ್ಲ. ಇನ್ನು ‘ಭೂಕುಸಿತ’ ನಿಮ್ಮ ಲೆಕ್ಕದಲ್ಲಿ ಅಪ್ಪಟ ಅರಿಸಮಾಸ. 2018ರಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ವ್ಯಾಕರಣ ಬರೆದ ಕೇಶಿರಾಜನ ಅಪ್ಪಣೆ ಕೇಳಿ ಜಾರಲಿಲ್ಲ.

ಮ., ಮಂಡ್ಯ:

ನಮ್ಮ ಕಡೆ ಗೋಡೆಯ ಮೇಲೆ ‘ಸಕ್ಕರೆ ಕುಸಿತ’ ಎಂದು ಹಾಕಿದರೆ ಫ್ಯಾಕ್ಟರಿ ಬಾಗಿಲಲ್ಲಿ ಧರಣಿ ಶುರುವಾಗುತ್ತದೆ.

ತಮಾಷೆ ಬಿಟ್ಟು ಹೇಳುತ್ತೇನೆ. ‘ಮನೇಲಿ ಸಕ್ಕರೆ ಇದೆಯಾ?’ ಎಂದರೆ ಡಬ್ಬಿ ನೋಡುತ್ತಾರೆ. ‘ಮನೇಲಿ ಯಾರಿಗಾದ್ರೂ ಶುಗರ್ ಇದೆಯಾ?’ ಎಂದರೆ ಅಪ್ಪನಿಗಿದೆ, ದೊಡ್ಡಮ್ಮನಿಗಿದೆ ಎನ್ನುತ್ತಾರೆ. ಕಾಫಿಗೆ ಹಾಕುವುದು ಸಕ್ಕರೆ. ರಕ್ತದಲ್ಲಿ ನೋಡುವುದು, ಮಾತ್ರೆ ತಗೊಳ್ಳುವುದು, ಅಳೆದು ಚೀಟಿಯಲ್ಲಿ ಬರೆಯುವುದು ಶುಗರ್. ಇಂಗ್ಲಿಷಿನಲ್ಲಿ ಇಲ್ಲದ ಭೇದವನ್ನು ಕನ್ನಡ ಆ ಎರವಲು ಪದದಿಂದ ಮಾಡಿಕೊಂಡಿದೆ. ‘ಶುಗರ್ ಲೋ ಆದರೆ ತಕ್ಷಣ ಸಕ್ಕರೆ ತಿನ್ನಿ’ ಎಂಬ ವಾಕ್ಯದಲ್ಲಿ ಯಾರಿಗೂ ಗೊಂದಲವಿಲ್ಲ. ಎರಡೂ ಕಡೆ ಸಕ್ಕರೆ ಎಂದೇ ಬರೆದು ನೋಡಿ, ಗೊತ್ತಾಗುತ್ತದೆ.

ಎಸ್. ಎನ್., ಮೈಸೂರು:

ಶರ್ಕರಾ ಪ್ರಾಕೃತದಲ್ಲಿ ಸಕ್ಕರವಾಗಿ ನಮ್ಮ ಅಡುಗೆಮನೆಗೆ ಬಂತು. ಅದೇ ಶರ್ಕರಾ ಪಾರಸಿ, ಅರಬ್ಬಿ ದಾಟಿ, ಯುರೋಪು ಸುತ್ತಿ ‘ಶುಗರ್’ ಆಗಿ ಮರಳಿದೆ. ಊರೂರು ಅಲೆದು ಬಂದದ್ದಕ್ಕೆ ಗೋಡೆಯ ಮೇಲೆ ಜಾಗ, ಮನೆಯಲ್ಲೇ ಇದ್ದದ್ದಕ್ಕೆ ಡಬ್ಬಿ. ಇದನ್ನು ಭೇದ ಎನ್ನುವುದಿಲ್ಲ, ಅಸಡ್ಡೆ ಎನ್ನುತ್ತಾರೆ. ಇದೇ ವಾದ ಹಿಡಿದು ಹೊರಟರೆ ನಾಳೆ ‘ಅನ್ನ’ ಮನೆಯದು, ‘ರೈಸ್’ ಹೋಟೆಲಿನದು ಎನ್ನುತ್ತೀರಿ.

ಮ., ಮಂಡ್ಯ:

ಎಂದೋ ಆಗಿದೆ ಮೇಷ್ಟ್ರೇ. ‘ರೈಸ್‌ಬಾತ್’ ತಿಂದಿಲ್ಲವೆ ನೀವು?

ಕ., ಶಿವಮೊಗ್ಗ:

ಎರಡೂ ಸಕ್ಕದದ ಮರಿಗಳು ಎಂದ ಮೇಲೆ ಜಗಳವೇಕೆ? ‘ಸಿಹಿ’ ಒಂದೇ ಕನ್ನಡದ್ದು.

ಡಾ. ಪಾ., ಹುಬ್ಬಳ್ಳಿ:

ಸಿಹಿ ಅಂದರೆ ಮೈಸೂರುಪಾಕ್ ತಿನ್ನುತ್ತಾರೆ. ಅದರ ತುಪ್ಪದಿಂದ ಗ್ಲೂಕೋಸ್ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಲೋ ಆದಾಗ ಬೇಕಾದ್ದು ಬೇಗ ಏರಿಸುವಂಥದ್ದು: ಮೂರು ಚಮಚೆ, ಅಂದರೆ ಸುಮಾರು 15 ಗ್ರಾಂ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸುವುದು. 15 ನಿಮಿಷ ಬಿಟ್ಟು ಮತ್ತೆ ನೋಡುವುದು, 70 ದಾಟಿರದಿದ್ದರೆ ಇನ್ನೊಮ್ಮೆ.

ಚಿ. ಅವರೇ, ಇದರಲ್ಲೊಂದು ಗಂಟಿದೆ, ಫ್ಲೆಕ್ಸಿಗೆ ಇದೇ ಮುಖ್ಯ. ವೋಗ್ಲಿಬೋಸ್, ಅಕಾರ್ಬೋಸ್ ಮಾತ್ರೆಗಳು ಕರುಳಿನಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಒಂದೇ ಮಾತ್ರೆ ನಮ್ಮ ಕಡೆ ಬಹಳ ಜನ ನುಂಗುತ್ತಾರೆ. ಅವರಿಗೆ ಲೋ ಆದಾಗ ಸಕ್ಕರೆ ನೀರನ್ನು ನಂಬಿ ಕೂರುವಂತಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಹಾಗಾಗಿ ಇಲ್ಲಿ ಮೂರು ಪದ ಬೇಕು: ಶುಗರ್, ಸಕ್ಕರೆ, ಗ್ಲೂಕೋಸ್. ಮೂರನ್ನೂ ಒಂದೇ ‘ಶರ್ಕರೆ’ಯಲ್ಲಿ ಅಥವಾ ಒಂದೇ ‘ಸಿಹಿ’ಯಲ್ಲಿ ಕಲಸಿದರೆ ನಿಮ್ಮ ಕನ್ನಡ ಶುದ್ಧವಾಗುತ್ತದೆ, ರೋಗಿ ಏಳುವುದಿಲ್ಲ.

ಚಿ., ಹಾಸನ:

ಎಲ್ಲರಿಗೂ ಧನ್ಯವಾದ. ಫೈಲು ಕಳಿಸಿದೆ. ಪಠ್ಯ ಹೀಗಿದೆ:

‘ಶುಗರ್ ಲೋ ಆಗುವುದು ಅಪಾಯ! ಬೆವರು, ಕೈಕಾಲು ನಡುಕ, ಎದೆ ಬಡಿತ, ವಿಪರೀತ ಹಸಿವು, ತಲೆ ಸುತ್ತು, ಮಾತು ತೊದಲುವುದು ಕಂಡರೆ ಕಾಯಬೇಡಿ. ಮೂರು ಚಮಚ ಗ್ಲೂಕೋಸ್ ಪುಡಿ ನೀರಿನಲ್ಲಿ ಕಲಸಿ ಕುಡಿಯಿರಿ. ಅದಿಲ್ಲದಿದ್ದರೆ ಸಕ್ಕರೆ. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ. ಉಪವಾಸ ಮಾಡುವ ಮೊದಲು ಮಾತ್ರೆ, ಇನ್ಸುಲಿನ್ ಬಗ್ಗೆ ವೈದ್ಯರನ್ನು ಕೇಳಿ.’

‘ಕುಸಿತ’ ನನಗೆ ಇಷ್ಟವಾಗಿತ್ತು. ಲೇಖನಕ್ಕೆ ಇಟ್ಟುಕೊಳ್ಳುತ್ತೇನೆ.

ಎಸ್. ಎನ್., ಮೈಸೂರು:

ಗೋಡೆ ನಿಮ್ಮದು, ಬರೆದುಕೊಳ್ಳಿ. ನಿಘಂಟು ಗೋಡೆಯಲ್ಲ. ಅಲ್ಲಿ ವ್ಯವಸ್ಥೆ ಬೇಕು. ಉದಾಹರಣೆಗೆ ‘ಡಯಾಬಿಟಿಸ್ ಇನ್ಸಿಪಿಡಸ್’. ಮೂತ್ರ ಧಾರಾಳ, ಸಿಹಿಯಿಲ್ಲ. ಹಳೆಯ ಇಪ್ಪತ್ತರ ಪಟ್ಟಿಯಲ್ಲೇ ‘ಉದಕಮೇಹ’ ಸಿದ್ಧವಾಗಿದೆ. ಮಧುಮೇಹ, ಉದಕಮೇಹ: ನೋಡಿದೊಡನೆ ಜೋಡಿ ಎಂದು ತಿಳಿಯುತ್ತದೆ. ಇದನ್ನಾದರೂ ಒಪ್ಪುತ್ತೀರೋ?

ಡಾ. ಪಾ., ಹುಬ್ಬಳ್ಳಿ:

ಜೋಡಿ ಎಂದು ತಿಳಿಯುವುದೇ ತೊಂದರೆ. ಎರಡಕ್ಕೂ ಸಂಬಂಧವಿಲ್ಲ. ಒಂದರಲ್ಲಿ ತಂಟೆ ಇನ್ಸುಲಿನ್ನಿನದು, ಇನ್ನೊಂದರಲ್ಲಿ ಮೂತ್ರಪಿಂಡಕ್ಕೆ ನೀರು ಹಿಡಿದಿಡು ಎಂದು ಹೇಳುವ ವ್ಯಾಸೊಪ್ರೆಸ್ಸಿನ್ ಎಂಬ ಹಾರ್ಮೋನಿನದು. ಹೆಸರಿನಲ್ಲಿ ‘ಡಯಾಬಿಟಿಸ್’ ಇದ್ದದ್ದಕ್ಕೆ ಆಸ್ಪತ್ರೆಗಳಲ್ಲಿ ಇಂಥವರನ್ನು ಶುಗರ್ ಪೇಶೆಂಟೆಂದು ತಿಳಿದು, ಆ ಹಾರ್ಮೋನಿಗೆ ಬದಲಾಗಿ ಕೊಡಲೇಬೇಕಾದ ಡೆಸ್ಮೊಪ್ರೆಸ್ಸಿನ್ ಔಷಧಿ ಕೊಡದೆ ಸಾವುಗಳೇ ಆಗಿವೆ. ಅದಕ್ಕೇ 2022ರಲ್ಲಿ ಅಂತರರಾಷ್ಟ್ರೀಯ ತಜ್ಞರು ಆ ಹೆಸರನ್ನು ಕೈಬಿಟ್ಟು ಹಾರ್ಮೋನಿನ ಹೆಸರಿನಿಂದಲೇ ಕರೆಯಲು ಹೇಳಿದ್ದಾರೆ. ಅವರು ಬಿಸಾಡಿದ ಗೊಂದಲವನ್ನು ನಾವು ಸಂಸ್ಕೃತದಲ್ಲಿ ಎತ್ತಿಟ್ಟುಕೊಳ್ಳುವುದು ಬೇಡ. ಹಾರ್ಮೋನೇ ಸಾಲದ ಬಗೆಗೆ ‘ವ್ಯಾಸೊಪ್ರೆಸ್ಸಿನ್ ಕೊರತೆ’ ಎನ್ನಿ. ಹಾರ್ಮೋನ್ ಇದ್ದೂ ಮೂತ್ರಪಿಂಡ ಅದರ ಮಾತು ಕೇಳದ ಬಗೆಗೆ ‘ವ್ಯಾಸೊಪ್ರೆಸ್ಸಿನ್ ಪ್ರತಿರೋಧ’. ಪ್ರತಿರೋಧ ನಿಮ್ಮ ಕಡೆಯದೇ, ತಗೊಳ್ಳಿ.